ಮುಚ್ಚದ ಬಾಗಿಲು, ಬಿಲ್ಲಿನ ಮೇಲಿನ ಹೆಸರು

ಜೂನ್ ತಿಂಗಳ ಮಳೆ ಹಿಡಿದು ಹತ್ತು ದಿನ ಕಳೆಯುವುದರೊಳಗೆ ಗಡಿನಾಡಿನ ಹೊಸ ಮನೆಗಳಲ್ಲಿ ಒಂದು ವ್ಯಾಜ್ಯ ತಲೆಯೆತ್ತುತ್ತದೆ. ಮಾರ್ಚ್ ತಿಂಗಳ ಗೃಹಪ್ರವೇಶದಂದು ಒಂದು ಬೆರಳಿನಿಂದ ತಳ್ಳಿದರೆ ಸರಿದು ಕೂರುತ್ತಿದ್ದ ಮುಂಬಾಗಿಲು ಈಗ ಭುಜ ಕೊಟ್ಟು ನೂಕಿದರೂ ದಾರಂದದೊಳಗೆ ಹೋಗಲೊಲ್ಲದು. ಹಸಿ ಮರ ಹಾಕಿ ಮೋಸ ಮಾಡಿದಿರಿ ಎಂದು ಯಜಮಾನನ ದೂರು. ಮರ ತಂದವರು ತಾವು, ಕೆಲಸವಷ್ಟೇ ನನ್ನದು ಎಂದು ಆಚಾರಿಯ ಸಮಾಧಾನ. ಮಿಲ್ಲಿನವನನ್ನು ಕೇಳಿದರೆ ಅವನು ಮಳೆಯತ್ತ ಕೈ ತೋರಿಸುತ್ತಾನೆ. ಕೊನೆಗೆ ಬಾಕಿ ಕೂಲಿಯಲ್ಲಿ ಹತ್ತೋ ಹದಿನೈದೋ ಸಾವಿರ ತಡೆಹಿಡಿಯಲ್ಪಡುತ್ತದೆ, ಎರಡು ಮೂರು ತಲೆಮಾರುಗಳಿಂದ ಆ ಮನೆಯ ತೊಟ್ಟಿಲಿನಿಂದ ಹಿಡಿದು ದೇವರ ಮಂಟಪದವರೆಗೆ ಕೆತ್ತಿಕೊಟ್ಟ ಕುಟುಂಬ ಆ ಅಂಗಳಕ್ಕೆ ಕಾಲಿಡುವುದನ್ನು ನಿಲ್ಲಿಸುತ್ತದೆ.

ಇಂಥ ಜಗಳಗಳಲ್ಲಿ ಹೆಚ್ಚಿನ ಪಾಲು ನಿಲ್ಲುವುದು ಒಂದು ತಪ್ಪು ತಿಳಿವಳಿಕೆಯ ಮೇಲೆ. ಹಸಿ ಮರ ಒಣಗುತ್ತ ಕುಗ್ಗುತ್ತದೆ, ಉಬ್ಬುವುದಿಲ್ಲ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾದ ಬಾಗಿಲು ಮಾರ್ಚ್ ತಿಂಗಳಲ್ಲಿ ಚೆನ್ನಾಗಿಯೇ ಒಣಗಿತ್ತು ಎಂಬುದಕ್ಕೆ ಆ ಬಾಗಿಲೇ ಸಾಕ್ಷಿ. ಯಜಮಾನನು ಯಾವ ದೋಷವನ್ನು ಆಚಾರಿಯ ತಲೆಗೆ ಕಟ್ಟುತ್ತಿದ್ದಾನೋ ಆ ದೋಷದಿಂದ ಆಚಾರಿಯನ್ನು ಬಿಡುಗಡೆ ಮಾಡುವ ಸಾಕ್ಷಿಯನ್ನೇ ಆತ ಮುಂದಿಡುತ್ತಿದ್ದಾನೆ. ನಿಜವಾಗಿ ಹಸಿ ಮರ ಬಳಸಿದ್ದರೆ ಅದರ ಗುರುತು ಮೊದಲ ಬೇಸಿಗೆಯಲ್ಲಿ ಸಿಗುತ್ತದೆ: ಹಲಗೆಗಳ ನಡುವೆ ಬೆಳಕು ಹಾಯುವಷ್ಟು ಬಿರುಕು, ಜೋಡಣೆಯ ಮೂಲೆಗಳಲ್ಲಿ ಬಾಯಿಬಿಟ್ಟ ಸಂದು, ತುದಿಗಳಲ್ಲಿ ಸೀಳು. ಇನ್ನೊಂದು ಬಗೆಯೂ ಉಂಟು. ಹಸಿ ಹಲಗೆ ಒಣಗುವಾಗ ಸೊಟ್ಟಗಾಗಿ ತಿರುಚಿಕೊಂಡು ಬಾಗಿಲು ಒಂದೇ ಮೂಲೆಯಲ್ಲಿ ತಾಗುತ್ತದೆ. ಇಡೀ ಅಂಚು ಸಮವಾಗಿ ಬಿಗಿಯಾಗಿದೆಯೋ, ಒಂದು ಮೂಲೆ ಮಾತ್ರ ತಾಗುತ್ತಿದೆಯೋ ಎಂದು ಮೊದಲು ನೋಡಬೇಕು. ಮೊದಲನೆಯದಾದರೆ ಹವೆಯ ಕಾರಣ. ಎರಡನೆಯದಾದರೆ ಮರದ ಅಥವಾ ಕೆಲಸದ ಕಾರಣ. ವಕೀಲರ ಬಳಿಗೆ ಹೋಗುವ ಮೊದಲು ಒಂದು ತೆಳ್ಳನೆಯ ಕಾಗದವನ್ನು ಬಾಗಿಲಿನ ಸುತ್ತ ಸಂದಿನಲ್ಲಿ ಸರಿಸಿ ನೋಡಿದರೆ ಇದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮರವು ತನ್ನ ಸುತ್ತಲಿನ ಗಾಳಿಯೊಂದಿಗೆ ನೀರಿನ ಲೆಕ್ಕವನ್ನು ನಿತ್ಯವೂ ಸರಿಮಾಡಿಕೊಳ್ಳುತ್ತಿರುತ್ತದೆ. ಗಾಳಿಯ ಆರ್ದ್ರತೆ ಶೇಕಡ 65ರಷ್ಟಿದ್ದಾಗ ಮರದಲ್ಲಿ ಶೇಕಡ 12ರ ಆಸುಪಾಸಿನ ತೇವ ಉಳಿಯುತ್ತದೆ. ಆರ್ದ್ರತೆ 90ಕ್ಕೆ ಏರಿ ಅಲ್ಲಿಯೇ ವಾರಗಟ್ಟಲೆ ನಿಂತರೆ ತೇವ 20ರ ಹತ್ತಿರಕ್ಕೆ ಹೋಗುತ್ತದೆ. ಕರಾವಳಿಯ ಮನೆಯ ಬಾಗಿಲು ಬೇಸಿಗೆಯಿಂದ ಆಷಾಢದವರೆಗೆ ಇಷ್ಟು ದೂರ ನಡೆಯುತ್ತದೆ. ಉದ್ದದಲ್ಲಿ ಮರ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅಗಲದಲ್ಲಿ ಮಾತ್ರ ಹಿಗ್ಗುತ್ತದೆ, ಅದೂ ಹಲಗೆಯನ್ನು ದಿಮ್ಮಿಯಿಂದ ಹೇಗೆ ಸೀಳಿದ್ದಾರೆ ಎಂಬುದನ್ನು ಅವಲಂಬಿಸಿ. ದಿಮ್ಮಿಯ ಉಂಗುರಗಳಿಗೆ ಸಮಾನಾಂತರವಾಗಿ ಸೀಳಿದ ಹಲಗೆ, ಉಂಗುರಗಳನ್ನು ಅಡ್ಡಗತ್ತರಿಸಿ ಸೀಳಿದ ಹಲಗೆಗಿಂತ ಸುಮಾರು ಎರಡು ಪಟ್ಟು ಹಿಗ್ಗಿ ಕುಗ್ಗುತ್ತದೆ. ಶಾಂತ ಸ್ವಭಾವದ ಮರವೆಂದು ಹೆಸರಾದ ತೇಗವೇ ಹಸಿಯಿಂದ ಪೂರ್ತಿ ಒಣಗುವವರೆಗೆ ಒಂದು ದಿಕ್ಕಿನಲ್ಲಿ ಶೇಕಡ 2.5ರಷ್ಟು, ಇನ್ನೊಂದು ದಿಕ್ಕಿನಲ್ಲಿ 5.8ರಷ್ಟು ಕುಗ್ಗುತ್ತದೆ. ಈ ಲೆಕ್ಕದಂತೆ, ಅಡ್ಡಲಾಗಿ ಜೋಡಿಸಿದ ಹಲಗೆಗಳಿಂದಾದ 900 ಮಿಲಿಮೀಟರ್ ಅಗಲದ ತೇಗದ ಬಾಗಿಲು, ತೇವವು 12ರಿಂದ 18ಕ್ಕೆ ಏರಿದಾಗ ಹತ್ತು ಮಿಲಿಮೀಟರ್‌ನಷ್ಟು ಅಗಲವಾಗಬಲ್ಲದು. ದಾರಂದದ ಸಂದಿನಲ್ಲಿ ಅಷ್ಟು ಜಾಗ ಎಲ್ಲಿಯದು?

ಹಳಬರು ಇದನ್ನು ಅಂಕೆಸಂಖ್ಯೆಗಳಿಲ್ಲದೆಯೇ ಬಲ್ಲವರಾಗಿದ್ದರು. ನಾಲ್ಕು ಸುತ್ತಲೂ ನಾಲ್ಕೈದು ಅಂಗುಲದ ಚೌಕಟ್ಟು, ಅದರ ಒಳಗೋಡಿನಲ್ಲಿ ಅಂಟು ಹಾಕದೆ, ಆಣಿ ಹೊಡೆಯದೆ ಸುಮ್ಮನೆ ಕೂರಿಸಿದ ಹಲಗೆ: ಹಳೆಯ ಮನೆಗಳ ಬಾಗಿಲುಗಳ ರಚನೆ ಇದು. ಹಲಗೆ ತನ್ನ ಪಾಡಿಗೆ ಒಳಗೋಡಿನಲ್ಲಿ ಹಿಗ್ಗಿ ಕುಗ್ಗುತ್ತದೆ. ಬಾಗಿಲಿನ ಹೊರ ಅಳತೆಯನ್ನು ನಿರ್ಧರಿಸುವುದು ಎರಡು ನಿಲುಗಂಬಗಳ ಅಗಲ ಮಾತ್ರ. ಅದು ಎರಡೂ ಸೇರಿ 200 ಮಿಲಿಮೀಟರ್ ಇದ್ದರೆ ಹಿಗ್ಗುವುದು ಎರಡೂವರೆ ಮಿಲಿಮೀಟರ್‌ನೊಳಗೆ. ಈಗಿನವರು ಒಂದೇ ಹಲಗೆಯಂತೆ ಕಾಣಬೇಕೆಂಬ ಆಸೆಯಿಂದ ಹಲಗೆಗಳನ್ನು ಅಂಟಿಸಿ, ಒಳಗೋಡಿಗೂ ಅಂಟು ಸುರಿದು, ಹಿಂದಿನಿಂದ ಆಣಿ ಹೊಡೆಯುತ್ತಾರೆ. ಹಿಗ್ಗಲು ಜಾಗ ಸಿಗದ ಹಲಗೆ ಒಂದೋ ಚೌಕಟ್ಟನ್ನು ಬಿರಿಸುತ್ತದೆ, ಇಲ್ಲವೇ ತಾನೇ ಸೀಳುತ್ತದೆ.

ಮಳೆಗಾಲದಲ್ಲಿ ಬಿಗಿಯಾದ ಬಾಗಿಲನ್ನು ಜುಲೈ ತಿಂಗಳಲ್ಲಿಯೇ ಕೀಸುಳಿ ಹಿಡಿದು ಕೀಸಿಸುವುದು ಅವಸರದ ತೀರ್ಪು. ಜನವರಿಯಲ್ಲಿ ಅದೇ ಬಾಗಿಲಿನ ಸಂದಿನಲ್ಲಿ ಬೆರಳು ತೂರಿಸಬಹುದು. ತೀರಾ ಅನಿವಾರ್ಯವಾದರೆ ಒಂದೆರಡು ಮಿಲಿಮೀಟರ್ ಮಾತ್ರ ಕೀಸಿ, ಕೀಸಿದ ಅಂಚಿಗೆ ಅದೇ ದಿನ ಎಣ್ಣೆಯನ್ನೋ ವಾರ್ನಿಷನ್ನೋ ಹಚ್ಚಬೇಕು. ಅದಕ್ಕಿಂತ ಮೊದಲು ಬಾಗಿಲಿನ ಮೇಲಂಚು ಮತ್ತು ಕೆಳಅಂಚುಗಳನ್ನು ಒಂದು ಕನ್ನಡಿ ಹಿಡಿದು ನೋಡುವುದು ಒಳ್ಳೆಯದು. ಬಣ್ಣದವರು ಕಣ್ಣಿಗೆ ಕಾಣುವ ಎರಡು ಮುಖಗಳನ್ನು ಮೂರು ಕೈ ಹಚ್ಚಿ ಹೊಳೆಯಿಸುತ್ತಾರೆ, ಕಾಣದ ಈ ಎರಡು ಅಂಚುಗಳನ್ನು ಬರಿದಾಗಿ ಬಿಡುತ್ತಾರೆ. ಮರವು ನೀರನ್ನು ಅತಿ ವೇಗವಾಗಿ ಕುಡಿಯುವುದು ಇಂಥ ಕತ್ತರಿಸಿದ ತುದಿಗಳ ಮೂಲಕ. ಈ ಸೀಮೆಯ ಅರ್ಧದಷ್ಟು ಬಾಗಿಲು ಜಗಳಗಳು ನೂರು ಗ್ರಾಂ ವಾರ್ನಿಷಿನಲ್ಲಿ ತೀರುವಂಥವು.

ಮರ ಒಣಗಿದೆಯೋ ಇಲ್ಲವೋ ಎಂಬುದನ್ನು ಬಾಯಿಮಾತಿಗೆ ಬಿಡಬೇಕಾಗಿಲ್ಲ. ಎರಡು ಸೂಜಿಗಳನ್ನು ಮರಕ್ಕೆ ಚುಚ್ಚಿ ತೇವ ತೋರಿಸುವ ಮೀಟರು ಒಂದೆರಡು ಸಾವಿರ ರೂಪಾಯಿಗೆ ಸಿಗುತ್ತದೆ. ಐದಾರು ಲಕ್ಷದ ಮರ ಕೊಳ್ಳುವವನಿಗೆ ಅದು ದೊಡ್ಡ ವೆಚ್ಚವಲ್ಲ. ಮೀಟರು ಬೇಡವೆನ್ನುವವರು ಹಲಗೆಯ ನಡುಭಾಗದಿಂದ ಒಂದು ತುಂಡನ್ನು ಕೊಯ್ದು ತೂಗಿ, ಸುಮಾರು 103 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ತೂಕ ಇನ್ನು ಇಳಿಯದು ಎಂಬವರೆಗೆ ಒಣಗಿಸಿ ಮತ್ತೆ ತೂಗಬೇಕು. 560 ಗ್ರಾಂ ಇದ್ದದ್ದು 500ಕ್ಕೆ ಇಳಿದರೆ ಹೋದ ನೀರು 60 ಗ್ರಾಂ; ಅದನ್ನು ಒಣ ತೂಕವಾದ 500ರಿಂದ ಭಾಗಿಸಿದರೆ ತೇವ ಶೇಕಡ 12. ಅಷ್ಟಿದ್ದರೆ ಬಾಗಿಲಿಗೆ ಯೋಗ್ಯ. ಸ್ವಂತ ಮರವನ್ನು ಸೀಳಿಸಿ ಒಣಗಿಸುವವರು ಹಲಗೆಗಳ ನಡುವೆ ಎರಡು ಅಡಿಗೊಂದರಂತೆ ಒಂದೇ ದಪ್ಪದ ರೀಪುಗಳನ್ನಿಟ್ಟು, ಆ ರೀಪುಗಳು ಮೇಲಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಬರುವಂತೆ ಅಟ್ಟಿ ಕಟ್ಟಿ, ತುದಿಗಳಿಗೆ ಬಣ್ಣವನ್ನೋ ಮೇಣವನ್ನೋ ಬಳಿದು, ನೆರಳಿನಲ್ಲಿ ಗಾಳಿಯಾಡುವಲ್ಲಿ ಇಡಬೇಕು. ಬಿಸಿಲಿಗೆ ಹಾಕಿ ಬೇಗ ಒಣಗಿಸಿದೆ ಎನ್ನುವವರ ಹಲಗೆಗಳ ತುದಿಯನ್ನು ನೋಡಿದರೆ ಸಾಕು, ಗೀರುಗೀರಾಗಿ ಒಡೆದಿರುತ್ತದೆ.

ಇನ್ನು ಹೆಸರಿನ ವಿಷಯ. ಇಲ್ಲಿ ಗಡಿನಾಡಿನ ಕನ್ನಡಿಗನಿಗೆ ಬೇರೆಯವರಿಗಿಲ್ಲದ ಒಂದು ತೊಡಕು ಇದೆ. ಒಂದೇ ಮರಕ್ಕೆ ಮನೆಯಲ್ಲಿ ಒಂದು ಹೆಸರು, ಮಿಲ್ಲಿನಲ್ಲಿ ಇನ್ನೊಂದು, ಸರಕಾರದ ಕಾಗದದಲ್ಲಿ ಮತ್ತೊಂದು. ಕನ್ನಡದ ಹೆಬ್ಬಲಸು ತುಳುವಿನಲ್ಲಿ ಪೆಜ, ಮಲಯಾಳದಲ್ಲಿ ಅಯಿನಿ ಅಥವಾ ಆಂಜಿಲಿ. ಬೀಟೆಯು ಈಟ್ಟಿಯಾಗುತ್ತದೆ. ಜಂಬೆಯೇ ಇರುಳ್. ಮತ್ತಿ ಎಂದು ಎಲ್ಲರೂ ಬಲ್ಲ ಮರ ತೇಂಬಾವ್, ಕಿರಾಲುಬೋಗಿ ಕಂಬಕಂ, ತಡಸಲು ಚಡಚ್ಚಿ. ಹೆಸರು ಬದಲಾದರೆ ಏನಾಯಿತು ಎನ್ನಬಹುದು. ಆಗುವುದು ಇಷ್ಟು: ಕೇರಳದಲ್ಲಿ 2005ರಲ್ಲಿ ಬಂದ, ಅರಣ್ಯೇತರ ಪ್ರದೇಶಗಳಲ್ಲಿ ಮರ ಬೆಳೆಸುವುದನ್ನು ಪ್ರೋತ್ಸಾಹಿಸುವ ಕಾಯಿದೆಯು ಸ್ವಂತ ಭೂಮಿಯ ಮರವನ್ನು ಕಡಿದು ಸಾಗಿಸುವ ಹಕ್ಕನ್ನು ಒಡೆಯನಿಗೆ ಕೊಟ್ಟಿದೆ. ಶ್ರೀಗಂಧಕ್ಕೆ ಆ ಹಕ್ಕು ಅನ್ವಯಿಸದು. ಆದರೆ ನಿರ್ದಿಷ್ಟಪಡಿಸಿದ ಕೆಲವು ಮರಗಳ ಮಟ್ಟಿಗೆ, ಕಡಿಯುವ ಮೊದಲೇ ಅಧಿಕೃತ ಅಧಿಕಾರಿಗೆ ಘೋಷಣೆಯನ್ನು ಸಲ್ಲಿಸಬೇಕು. ತೇಗ, ಈಟ್ಟಿ, ಇರುಳ್, ತೇಂಬಾವ್, ಕಂಬಕಂ, ಚಡಚ್ಚಿ, ಚೆಂಬಕಂ ಮೊದಲಾದವು ಆ ಪಟ್ಟಿಯಲ್ಲಿವೆ. ಹಲಸು, ಹೆಬ್ಬಲಸು, ಮಾವುಗಳು ಇಲ್ಲ. ತನ್ನ ಗುಡ್ಡೆಯಲ್ಲಿರುವುದು ಬರಿಯ ಮತ್ತಿ ಮರ, ತೇಂಬಾವ್ ಅಲ್ಲ ಎಂದು ಭಾವಿಸಿ ಕೊಡಲಿ ಹಾಕಿಸಿದ ಕೃಷಿಕ, ಲಾರಿಯನ್ನು ತಡೆದಾಗ ಹೆಸರು ಗೊತ್ತಿರಲಿಲ್ಲ ಎಂದು ಹೇಳಬಹುದು. ಕಾನೂನು ಆ ಉತ್ತರವನ್ನು ಸ್ವೀಕರಿಸುವುದಿಲ್ಲ.

ಎರಡನೆಯ ಎಚ್ಚರಿಕೆ ಭೂಮಿಯ ಮೂಲಕ್ಕೆ ಸಂಬಂಧಿಸಿದ್ದು. ಸರಕಾರವು ಪಟ್ಟೆ ಮಾಡಿಕೊಟ್ಟ ಭೂಮಿಯಲ್ಲಿ ತೇಗ, ಬೀಟೆಗಳಂಥ ಮರಗಳನ್ನು ಸರಕಾರವು ತನಗಾಗಿ ಉಳಿಸಿಕೊಂಡಿರುವುದುಂಟು. ಅಂಥ ಕಡೆ 2005ರ ಕಾಯಿದೆಯ ನೆಮ್ಮದಿ ಸಿಗದು. ಇದರ ಬಿಸಿ ವಯನಾಡಿನವರಿಗೆ ಚೆನ್ನಾಗಿ ಗೊತ್ತು. 2020ರ ಅಕ್ಟೋಬರಿನಲ್ಲಿ ಕಂದಾಯ ಇಲಾಖೆ ಹೊರಡಿಸಿದ ಒಂದು ಆದೇಶದ ಮರೆಯಲ್ಲಿ ಮುಟ್ಟಿಲಿನ ಬೀಟೆ ಮರಗಳು ಉರುಳಿದವು. 2021ರ ಫೆಬ್ರವರಿಯಲ್ಲಿ ಆದೇಶವನ್ನು ಹಿಂದಕ್ಕೆ ಪಡೆಯಲಾಯಿತು. ಮರ ಮಾರಿದ ಬಡ ಪಟ್ಟೆದಾರರೂ ಪ್ರಕರಣದ ಸುಳಿಯಲ್ಲಿ ಸಿಕ್ಕಿಕೊಂಡರು. ವ್ಯಾಪಾರಿಯು ಎಲ್ಲ ಅನುಮತಿ ತನ್ನಲ್ಲಿದೆ ಎಂದು ಹೇಳಿದರೆ ಅದರ ಪ್ರತಿಯನ್ನು ಕೇಳಿ ಪಡೆಯಬೇಕು. ಕೊಡಲು ಹಿಂಜರಿದರೆ ಉತ್ತರ ಸಿಕ್ಕಂತಾಯಿತು. ಅಂದಹಾಗೆ, ದೇಶದ ಮರದ ವ್ಯವಹಾರವನ್ನೇ ಬದಲಿಸಿದ ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣ ಹುಟ್ಟಿದ್ದು ಈ ಗಡಿಗಳ ನಡುವೆಯೇ. ನಿಲಂಬೂರು ಕೋವಿಲಗದ ಅವರು ನೀಲಗಿರಿಯ ಗೂಡಲೂರಿನ ಕಾಡು ಕಡಿಯುವುದನ್ನು ಕಂಡು 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1996ರ ಡಿಸೆಂಬರ್ 12ರ ಆದೇಶದ ನಂತರ ಕಾಡಿನ ಮಗ್ಗುಲಿನ ಮರದ ಮಿಲ್ಲುಗಳ ಬಾಳು ಮೊದಲಿನಂತಿಲ್ಲ.

ಮಿಲ್ಲಿನ ಅಂಗಳದಲ್ಲಿ ಹೆಸರಿನ ಆಟ ಇನ್ನೊಂದು ಬಗೆಯದು. ಬರ್ಮಾ ತೇಗ ಎಂಬ ಮಾತು ಇಂದಿಗೂ ಬೆಲೆ ಏರಿಸುತ್ತದೆ. ಮ್ಯಾನ್ಮಾರ್ ದೇಶವು 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಷೇಧಿಸಿದೆ ಎಂಬುದನ್ನು ನೆನಪಿಟ್ಟುಕೊಂಡವನು, ಅಲ್ಲಿ ಬಿದ್ದಿರುವ ಹೊಸ ದಿಮ್ಮಿಯನ್ನು ತೋರಿಸಿ ಬರ್ಮಾ ಎಂದರೆ ಮುಗುಳ್ನಗಬಹುದು. ಆಫ್ರಿಕದ, ದಕ್ಷಿಣ ಅಮೆರಿಕದ ತೋಟಗಳಲ್ಲಿ ಬೆಳೆದ ತೇಗವೂ ತೇಗವೇ, ಅದರಲ್ಲಿ ತಪ್ಪಿಲ್ಲ. ಆದರೆ ಎಳೆಯ ಮರದಲ್ಲಿ ಹೊರಗಿನ ಬಿಳಿ ಭಾಗ ಹೆಚ್ಚು, ಒಳಗಿನ ಚೇಗು ಕಡಿಮೆ. ತೇಗಕ್ಕೆ ಗೆದ್ದಲು ಹತ್ತದು ಎಂಬ ಕೀರ್ತಿ ಬಂದದ್ದು ಚೇಗಿನಿಂದ. ಬಿಳಿ ಭಾಗವು ಎಂಥ ಮರದ್ದಾದರೂ ಹುಳುವಿಗೆ ಅನ್ನ; ಅದರಲ್ಲಿರುವ ಪಿಷ್ಟವನ್ನು ತಿನ್ನಲು ಬರುವ ಕಿರುದುಂಬಿಗಳು ಮರವನ್ನು ಹಿಟ್ಟಿನಂಥ ಪುಡಿ ಮಾಡಿಬಿಡುತ್ತವೆ. ಆದುದರಿಂದ ತೇಗವೋ ಅಲ್ಲವೋ ಎಂದು ಕೇಳುವುದಕ್ಕಿಂತ ಬಿಳಿ ಎಷ್ಟಿದೆ ಎಂದು ಕೇಳುವವನು ಜಾಣ. ಚೇಗೇ ಇರುವ ಹೆಬ್ಬಲಸಿನ ದಾರಂದವು ಅರ್ಧ ಬಿಳಿಯಿರುವ ತೇಗದ ದಾರಂದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ, ಬೆಲೆಯೂ ಕಡಿಮೆ. ಕೇರಳದ ಚುಂಡನ್ ದೋಣಿಗಳನ್ನು ಕಟ್ಟುವುದೇ ಆ ಮರದಿಂದ. ವೀಣೆಯ ಕೊಡವನ್ನು ಕಡೆಯುವ ಹಲಸಿನ ಬಗ್ಗೆ ಹೇಳಬೇಕಾಗಿಯೇ ಇಲ್ಲ. ಕೊಯ್ದಾಗ ಹಳದಿಯಾಗಿ, ಬೆಳಕಿಗೆ ವರ್ಷ ವರ್ಷ ಕೆಂಪೇರಿ, ಅಜ್ಜನ ಕಾಲದ ಪೆಟ್ಟಿಗೆಯ ಬಣ್ಣಕ್ಕೆ ಬರುವ ಮರ ಅದು. ಹಿತ್ತಲಿನಲ್ಲಿ ಹಲಸು ಒಣಗುತ್ತಿರುವಾಗ ಸಾಲ ಮಾಡಿ ಹೊರದೇಶದ ಮರ ತರುವುದು ಈ ಸೀಮೆಯ ಒಂದು ಹೊಸ ಚಪಲ.

ಅಳತೆಯಲ್ಲಿ ಮೋಸವಾಯಿತು ಎಂಬ ದೂರು ಕೇಳಿಬರುವಾಗ ಅರ್ಧ ಸಂದರ್ಭಗಳಲ್ಲಿ ಆದದ್ದು ಮೋಸವಲ್ಲ, ಎರಡು ಬಗೆಯ ಲೆಕ್ಕದ ಗೊಂದಲ. ದುಂಡು ದಿಮ್ಮಿಯನ್ನು ಅಳೆಯುವುದು ಕಾಲು ಸುತ್ತಳತೆಯ ಕ್ರಮದಿಂದ: ನಡುವಿನ ಸುತ್ತಳತೆಯ ನಾಲ್ಕನೆಯ ಒಂದನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಬೇಕು. ನಾಲ್ಕು ಅಡಿ ಸುತ್ತಳತೆಯ ಹತ್ತಡಿ ದಿಮ್ಮಿ ಈ ಕ್ರಮದಲ್ಲಿ 10 ಘನ ಅಡಿ. ಅದೇ ದಿಮ್ಮಿಯ ನಿಜವಾದ ಗಾತ್ರ 12.73 ಘನ ಅಡಿ. ನಡುವಿನ ವ್ಯತ್ಯಾಸವು ತೊಗಟೆಗೂ ಗರಗಸದ ಹೊಟ್ಟಿಗೂ ಬಿಟ್ಟುಕೊಟ್ಟ ರಿಯಾಯಿತಿ. ಸೀಳಿದ ಮರಕ್ಕೆ ಈ ರಿಯಾಯಿತಿಯಿಲ್ಲ, ಉದ್ದ ಅಗಲ ದಪ್ಪಗಳ ನೇರ ಗುಣಾಕಾರ. ದಿಮ್ಮಿಯ ದರ ಕೇಳಿ ಹೋಗಿ ಸೀಳಿದ ಮರದ ಬಿಲ್ಲು ಪಡೆದವನು ಬೆಚ್ಚುವುದು ಸಹಜ. ಟೇಪು ಹಿಡಿಯುವಲ್ಲಿ ಮಾತ್ರ ಕಣ್ಣಿರಲಿ. ಸುತ್ತಳತೆ ವರ್ಗವಾಗುವುದರಿಂದ ತಪ್ಪೂ ವರ್ಗವಾಗುತ್ತದೆ: ನಾಲ್ಕು ಅಡಿಯನ್ನು ನಾಲ್ಕಡಿ ಮೂರಂಗುಲವೆಂದು ಬರೆದರೆ 10 ಘನ ಅಡಿ 11.29 ಆಗುತ್ತದೆ. ಮೂರು ಅಂಗುಲಕ್ಕೆ ಶೇಕಡ 13ರ ದಂಡ! ಬುಡದ ಉಬ್ಬಿನಲ್ಲಿ ಅಳೆಯದೆ ನಟ್ಟನಡುವೆ ಅಳೆಯಬೇಕು, ತೊಗಟೆಯ ಮೇಲೋ ಕೆಳಗೋ ಎಂಬುದನ್ನು ಮೊದಲೇ ಮಾತಾಡಿಕೊಳ್ಳಬೇಕು.

ಈ ಎಲ್ಲವೂ ಬಿಲ್ಲಿನ ಮೇಲೆ ಬರೆಯಲ್ಪಡತಕ್ಕದ್ದು. ಮರದ ಹೆಸರು, ಚೇಗು ಮಾತ್ರವೋ ಬಿಳಿ ಸಹಿತವೋ, ಅಳತೆಯ ಕ್ರಮ, ಒಣಗಿಸಿದ ಮರವೋ ಹಸಿಯೋ. ಬರಿಯ ‘ಮರ’ ಎಂದು ಬರೆದ ಬಿಲ್ಲು ಮರದಷ್ಟೇ ಮೂಕ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ಮೋಸಹೋದವನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಅಂಗಡಿ ಮಂಗಳೂರಿನಲ್ಲಿದ್ದರೂ ಕಾಸರಗೋಡಿನವನು ಗಡಿ ದಾಟಿ ಅಲೆಯಬೇಕಾಗಿಲ್ಲ. ಅವಧಿ ಎರಡು ವರ್ಷ. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮರ ಯಾವುದೆಂಬುದೇ ವಿವಾದವಾದರೆ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಬೆಂಗಳೂರಿನ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ, ತ್ರಿಶ್ಶೂರಿನ ಪೀಚಿಯಲ್ಲಿರುವ ಕೇರಳ ಅರಣ್ಯ ಸಂಶೋಧನಾ ಸಂಸ್ಥೆ ಮರವನ್ನು ಗುರುತಿಸಿಕೊಡುತ್ತವೆ. ಮನೆ ಮುಗಿದ ಮೇಲೆ ಒಂದು ಅಂಗೈಯಗಲದ ತುಂಡನ್ನು ಬಿಲ್ಲಿನ ಜೊತೆಗೆ ಕಟ್ಟಿಡುವುದು ಈ ಕಾರಣಕ್ಕೆ. ಇನ್ನು ಅರಣ್ಯ, ಕಂದಾಯ ಕಚೇರಿಗಳೊಡನೆ ಪತ್ರವ್ಯವಹಾರ: ಕೇರಳದ 1969ರ ಅಧಿಕೃತ ಭಾಷಾ ಶಾಸನವು ಅಲ್ಪಸಂಖ್ಯಾತ ಕನ್ನಡಿಗರಿಗೆ ಕನ್ನಡದಲ್ಲಿ ಬರೆಯುವ ಅವಕಾಶ ಕೊಟ್ಟಿದೆ. ಕನ್ನಡದಲ್ಲಿಯೇ ಬರೆಯಬೇಕು. ಆದರೆ ಮರದ ಹೆಸರಿನ ಪಕ್ಕದಲ್ಲಿ ಅದರ ಮಲಯಾಳ ಹೆಸರನ್ನೂ ಸೇರಿಸುವುದು ವಿವೇಕ. ಭಾಷೆಯ ಹಕ್ಕು ಉಳಿಯುತ್ತದೆ, ಮತ್ತಿಯು ತೇಂಬಾವೋ ಅಲ್ಲವೋ ಎಂಬ ಚರ್ಚೆ ಏಳದು.

ಆಣಿ ಮತ್ತು ತಿರುಪುಗಳ ವಿಚಾರದಲ್ಲಿ ಜನ ತೋರುವ ಜಿಪುಣತನ ವಿಚಿತ್ರವಾದದ್ದು. ಮರಕ್ಕೆ ಲಕ್ಷ ಸುರಿದವನು ತಿರುಪಿಗೆ ನೂರು ರೂಪಾಯಿ ಉಳಿಸಲು ಹೋಗುತ್ತಾನೆ. ಉಪ್ಪುಗಾಳಿಯ ಊರಿನಲ್ಲಿ ಬರಿಯ ಕಬ್ಬಿಣದ ಆಣಿ ಕೆಲವೇ ಮಳೆಗಾಲ ಬಾಳುತ್ತದೆ. ಅದು ತಾನು ಸಾಯುವುದಷ್ಟೇ ಅಲ್ಲದೆ ಸುತ್ತಲಿನ ಮರವನ್ನೂ ಕಪ್ಪಾಗಿಸಿ ಕೊಳೆಯಿಸುತ್ತದೆ. ಆ ಕಪ್ಪು ಕಲೆ ಕೊಳೆಯಲ್ಲ. ಮರದ ಒಗರು, ತೇವ ಮತ್ತು ಕಬ್ಬಿಣ ಸೇರಿ ಆದದ್ದು. ಹಿಂದಿನವರು ಅಳಲೆಕಾಯಿಯ ರಸಕ್ಕೆ ಕಬ್ಬಿಣ ಬೆರೆಸಿ ಮಸಿ ಮಾಡುತ್ತಿದ್ದುದೂ ಇದೇ ಗುಣದಿಂದ. ಸಮುದ್ರಕ್ಕೆ ಹತ್ತಿರದ ಮನೆಗೆ 316 ದರ್ಜೆಯ ತುಕ್ಕುರಹಿತ ಉಕ್ಕು, ಒಳನಾಡಿಗೆ 304, ಇಲ್ಲವೇ ಹಿತ್ತಾಳೆ. ಜಿಪ್ಸಂ ಹಲಗೆಗಾಗಿ ಮಾಡಿದ ಕಪ್ಪು ತಿರುಪುಗಳನ್ನು ಬಾಗಿಲಿನ ಬಿಜಾಗರಿಗೆ ಹಾಕುವ ಪದ್ಧತಿ ಈಗ ಎಲ್ಲೆಡೆ ಕಾಣುತ್ತದೆ. ಅವು ಗಡಸು, ಆದರೆ ಪೆಳಸು, ಭಾರ ಬಿದ್ದಾಗ ಕತ್ತು ಮುರಿಯುತ್ತವೆ. ಹಿತ್ತಾಳೆಯ ಬಿಜಾಗರಿಗೆ ಕಬ್ಬಿಣದ ತಿರುಪು ಹಾಕಬಾರದು. ಎರಡು ಲೋಹಗಳ ನಡುವೆ ತೇವ ಕುಳಿತಾಗ ಕಬ್ಬಿಣವೇ ಮೊದಲು ಸವೆಯುತ್ತದೆ.

ಹಿತ್ತಾಳೆಯ ತಿರುಪು ಮೃದು. ಜಂಬೆಯಂಥ ಕಲ್ಲುಮರಕ್ಕೆ ನೇರವಾಗಿ ತಿರುಗಿಸಿದರೆ ತಲೆ ಕಳಚಿ ಕೈಗೆ ಬರುತ್ತದೆ. ಮೊದಲು ಬೈರಿಗೆಯಿಂದ ತಿರುಪಿನ ನಡುದಂಡದಷ್ಟು ದಪ್ಪದ ತೂತು ಕೊರೆದು, ಅದೇ ಅಳತೆಯ ಉಕ್ಕಿನ ತಿರುಪನ್ನು ಒಮ್ಮೆ ಹಾಕಿ ತೆಗೆದು ಸುರುಳಿಯ ದಾರಿ ಮಾಡಿಕೊಂಡು, ಆಮೇಲೆ ಹಿತ್ತಾಳೆಯದಕ್ಕೆ ಒಂದಿಷ್ಟು ಮೇಣ ಸವರಿ ತಿರುಗಿಸಿದರೆ ಬೆಣ್ಣೆಯಂತೆ ಇಳಿಯುತ್ತದೆ. ತಿರುಪಿನ ಉದ್ದದ ಮೂರನೆಯ ಎರಡು ಪಾಲು ಕೆಳಗಿನ ಮರದಲ್ಲಿರಬೇಕು. ಕತ್ತರಿಸಿದ ತುದಿಗೆ ಹಾಕಿದ ತಿರುಪು ಮಗ್ಗುಲಿಗೆ ಹಾಕಿದಷ್ಟು ಹಿಡಿಯದು. ಇಷ್ಟೆಲ್ಲ ಹೇಳಿದ ಮೇಲೂ, ಒಂದು ಮರದ ತುದಿಯನ್ನು ನಾಲಗೆಯಂತೆ ಕಡೆದು ಇನ್ನೊಂದರ ತೂತಿನೊಳಗೆ ಕೂರಿಸಿ ಮರದಾಣಿ ಹೊಡೆಯುವ ಹಳೆಯ ಜೋಡಣೆಯನ್ನು ಮೀರಿಸಿದ ತಿರುಪು ಇನ್ನೂ ಅಂಗಡಿಗೆ ಬಂದಿಲ್ಲ ಎನ್ನಲೇಬೇಕು. ಅಂಟು ಹಾಕುವುದಿದ್ದರೆ ಹೊರಬಾಗಿಲಿಗೆ ನೀರು ತಡೆಯುವ ಬಗೆಯದೇ ಆಗಬೇಕು. ಸಾಮಾನ್ಯ ಬಿಳಿ ಅಂಟು ತೇವಕ್ಕೆ ಮೆತ್ತಗಾಗುತ್ತದೆ.

ದಾರಂದದ ವಿಷಯದಲ್ಲಿ ಒಂದು ಮಾತು. ಮುರಕಲ್ಲಿನ ಗೋಡೆ ಮಳೆಗಾಲವೆಲ್ಲ ನೀರು ಕುಡಿದು ನಿಂತಿರುತ್ತದೆ. ಗೋಡೆಗೆ ತಾಗುವ ದಾರಂದದ ಹಿಮ್ಮೈ ಮತ್ತು ನೆಲಕ್ಕೆ ತಾಗುವ ಪಾದಗಳಿಗೆ ಕೂರಿಸುವ ಮೊದಲೇ ರಕ್ಷಣೆ ಬೇಕು. ಕೂರಿಸಿದ ಮೇಲೆ ಆ ಮುಖವನ್ನು ಮನುಷ್ಯರಾರೂ ಕಾಣುವುದಿಲ್ಲ, ಗೆದ್ದಲು ಮಾತ್ರ ಕಾಣುತ್ತದೆ. ಇದಕ್ಕೆ ಈ ಸೀಮೆಯದೇ ಮದ್ದು ಗೇರುಬೀಜದ ಸಿಪ್ಪೆಯ ಎಣ್ಣೆ. ದೋಣಿಗಳಿಗೂ ಪಕ್ಕಾಸುಗಳಿಗೂ ಅದನ್ನು ಬಳಿಯುತ್ತಿದ್ದರು. ಕಪ್ಪಾಗಿ ಕಾಣುತ್ತದೆಂಬ ಕಾರಣಕ್ಕೆ ಅದನ್ನು ಈಗ ಕೈಬಿಟ್ಟಿದ್ದಾರೆ. ಕಾಣದ ಜಾಗಕ್ಕೆ ಬಣ್ಣದ ಚಿಂತೆ ಏಕೆ? ಕೈಗವಸು ಮಾತ್ರ ಕಡ್ಡಾಯ. ಹಸಿ ಗೇರುಬೀಜ ಸುಟ್ಟು ತಿಂದು ತುಟಿ ಬೊಬ್ಬೆಯೆದ್ದವರಿಗೆ ಕಾರಣ ಹೇಳಬೇಕಾಗಿಲ್ಲ. ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣವೂ ಹುಳುವಿಗೆ ಒಳ್ಳೆಯದೇ, ಆದರೆ ಅದು ಮಳೆಗೆ ತೊಳೆದುಹೋಗುವುದರಿಂದ ಒಳಗಿನ ಮರಕ್ಕಷ್ಟೇ ಸರಿ.

ಮೆರುಗಿನ ಬಗ್ಗೆ ಹೇಳುವಾಗ ಅಂದಕ್ಕಿಂತ ಋತುವಿಗೆ ಹೆಚ್ಚು ಬೆಲೆ ಕೊಡಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಉಜ್ಜುವ ಫ್ರೆಂಚ್ ಪಾಲಿಶ್ ಹಲಸಿಗೂ ಬೀಟೆಗೂ ಕೊಡುವ ಆಳವಾದ ಕಾಂತಿ ಬೇರೆ ಯಾವುದಕ್ಕೂ ಬಾರದು. ಆದರೆ ಆರ್ದ್ರ ಹವೆಯಲ್ಲಿ ಹಚ್ಚಿದರೆ ಮಂಜು ಕವಿದಂತೆ ಬೆಳ್ಳಗಾಗುತ್ತದೆ. ಬಿಸಿ ಚಹಾದ ಲೋಟ ಇಟ್ಟರೆ ಉಂಗುರ ಮೂಡುತ್ತದೆ. ಕಪಾಟು, ಪೆಟ್ಟಿಗೆ, ದೇವರ ಮಂಟಪಕ್ಕೆ ಅದು ಇರಲಿ. ಊಟದ ಮೇಜಿಗೂ ಮುಂಬಾಗಿಲಿಗೂ ಬೇಡ. ಮುಂಬಾಗಿಲಿಗೆ ಹೊರಾಂಗಣದ ಪಾಲಿಯುರೆಥೇನ್ ವಾರ್ನಿಷ್ ತಕ್ಕದ್ದು. ತೇಗದಲ್ಲಿ ಸ್ವಾಭಾವಿಕವಾದ ಜಿಡ್ಡಿರುವುದರಿಂದ ಹಚ್ಚುವ ಮೊದಲು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒಮ್ಮೆ ಒರೆಸಬೇಕು, ಇಲ್ಲವಾದರೆ ಪದರ ಸುಲಿಯುತ್ತದೆ. ಮರಳುಕಾಗದವನ್ನು 80ರಿಂದ ಆರಂಭಿಸಿ 120, 180 ಎಂದು ಏರುತ್ತ ಹೋಗಬೇಕು, ಯಾವಾಗಲೂ ಎಳೆಯ ದಿಕ್ಕಿನಲ್ಲಿ. ಒಂದು ಮೆಟ್ಟಿಲು ಹಾರಿಸಿದರೆ ಆ ಗೀರುಗಳು ಪಾಲಿಶ್ ಬಿದ್ದ ಮೇಲೆ ಕಾಣುತ್ತವೆ. ಬಾಗಿಲಿನ ಎರಡೂ ಮುಖಗಳಿಗೆ ಒಂದೇ ಸಂಖ್ಯೆಯ ಪದರಗಳಿರಬೇಕು. ಹೊರಮುಖಕ್ಕೆ ಮೂರು, ಒಳಮುಖಕ್ಕೆ ಒಂದು ಎಂದಾದರೆ ಎರಡು ಕಡೆ ತೇವ ಬೇರೆಬೇರೆಯಾಗಿ ಏರಿಳಿದು ಹಲಗೆ ಬಿಲ್ಲಿನಂತೆ ಬಾಗುತ್ತದೆ.

ಎಣ್ಣೆಯ ಮೆರುಗು ಬಯಸುವವರು ತೆಂಗಿನೆಣ್ಣೆ ಹಚ್ಚಬಾರದು. ಅದು ಎಷ್ಟು ವರ್ಷವಾದರೂ ಒಣಗದೆ ಧೂಳನ್ನು ಹಿಡಿದಿಡುತ್ತದೆ. ಅಗಸೆಯೆಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ತಾನೇ ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಕಾಲು ಗಂಟೆಯಲ್ಲಿ ಮಿಕ್ಕದ್ದನ್ನು ಒರೆಸಿ, ದಿನಗಟ್ಟಲೆ ಬಿಟ್ಟು ಮತ್ತೆ ಹಚ್ಚಬೇಕು. ಹೀಗೆ ಗಟ್ಟಿಯಾಗುವಾಗ ಅದು ಬಿಸಿ ಬಿಡುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಆ ಬಿಸಿ ಒಳಗೇ ಕೂಡಿ, ಕಿಡಿ ತಾಗದೆಯೇ ಬೆಂಕಿ ಹೊತ್ತಿಕೊಳ್ಳುವುದುಂಟು. ಸುತ್ತ ಹೊಟ್ಟು ಬಿದ್ದಿರುವ ಮರದ ಕೊಟ್ಟಿಗೆಯಲ್ಲಿ ಮುಂದಿನದನ್ನು ಊಹಿಸಬಹುದು. ಅಂಥ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹೊರಗೆ ಬಿಡಿಸಿ ಹರಡಿ ಒಣಗಿಸಬೇಕು. ಈ ಕೆಲಸಗಳಿಗೆಲ್ಲ ಕಾಲ ತುಲಾ ಸಂಕ್ರಮಣ ಕಳೆದು ಹಿಂಗಾರಿನ ಗುಡುಗು ನಿಂತ ಮೇಲೆ, ಡಿಸೆಂಬರಿನಿಂದ ಮಾರ್ಚ್‌ವರೆಗೆ. ಈ ವರ್ಷ ಬಾಗಿಲು ಬಿಗಿಯಾಗಿ ಆಚಾರಿಯ ಕೂಲಿ ತಡೆದಿಟ್ಟಿರುವವರು ಡಿಸೆಂಬರಿನಲ್ಲಿ ಅದೇ ಕಾಗದವನ್ನು ಇನ್ನೊಮ್ಮೆ ಸಂದಿನಲ್ಲಿ ಸರಿಸಿ ನೋಡಲಿ. ಸುತ್ತಲೂ ಸಲೀಸಾಗಿ ಸರಿದರೆ ಬಾಕಿಯನ್ನು ಕೊಟ್ಟು, ಮೇಲಂಚು ಕೆಳಅಂಚುಗಳಿಗೆ ವಾರ್ನಿಷ್ ಹಚ್ಚಿಸುವ ಕೆಲಸವನ್ನು ಅದೇ ಆಚಾರಿಗೆ ವಹಿಸಬಹುದು.